ಪೇಪರಿನಲ್ಲಿ ಹೆಸರಿಲ್ಲದ ಫೌಲರ್

ಕರಿಘಟ್ಟದ ಮೇಲೆ ಶ್ರೀನಿವಾಸನ ಗುಡಿ ಹತ್ತಿರ ನಿಂತು ಕೆಳಗೆ ನೋಡಿದರೆ ಲೋಕಪಾವನಿ ಬಂದು ಕಾವೇರಿಗೆ ಸೇರೋದು ಕಾಣುತ್ತೆ. ಊರುಗಳೆಲ್ಲ ಬಿಟ್ಟ ಕೊಳಕು ನೀರನ್ನ ಹೊಳೆ ಒಂದೇ ಎಷ್ಟು ಅಂತ ಶುದ್ಧ ಮಾಡೀತು? ಬಯೋಪ್ರೊಸೆಸ್ ಓದುವ ನಾವು ಇದನ್ನ ಕೇಳಿಕೊಂಡರೆ ಗಿಲ್ಬರ್ಟ್ ಫೌಲರ್ ಹೆಸರು ಬರಲೇಬೇಕು. ಆದರೆ ನಮ್ಮಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ!

1868ರಲ್ಲಿ ಹುಟ್ಟಿದ ಫೌಲರ್ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಕೊಳಚೆ ನೀರಿನ ಮೇಲೆ ಕೆಲಸ ಮಾಡಿದ ಕೆಮಿಸ್ಟ್. 1912ರಲ್ಲಿ ನ್ಯೂಯಾರ್ಕ್ ಬಂದರಿನ ಮಾಲಿನ್ಯದ ವಿಚಾರವಾಗಿ ಅಮೆರಿಕಕ್ಕೆ ಹೋದಾಗ, ಲಾರೆನ್ಸ್ ಅನ್ನೋ ಊರಿನ ಪ್ರಯೋಗ ಕೇಂದ್ರದಲ್ಲಿ ಕೊಳಚೆ ನೀರಿಗೆ ಗಾಳಿ ಊದುವ ಪ್ರಯೋಗ ನೋಡಿದರು. ವಾಪಸ್ ಬಂದು ಆರ್ಡರ್ನ್, ಲಾಕೆಟ್ ಎಂಬ ಇಬ್ಬರಿಗೆ ನೀವೂ ಮಾಡಿ ನೋಡಿ ಅಂತ ಹೇಳಿದರು.

ಅವರು ಬಾಟಲಿಯಲ್ಲಿ ಗಾಳಿ ಊದಿದಾಗ ಅಮೋನಿಯಾ ಪೂರ್ತಿ ನೈಟ್ರೇಟ್ ಆಗೋಕೆ ಸುಮಾರು ಐದು ವಾರ ಬೇಕಾಯಿತು. ಐದು ವಾರ! ಯಾವ ಊರು ಅಷ್ಟು ದಿನ ಕಾಯುತ್ತೆ? ಆದರೆ ಅವರು ತಳದ ಕೆಸರನ್ನ ಚೆಲ್ಲಲಿಲ್ಲ. ಮೇಲಿನ ತಿಳಿನೀರು ತೆಗೆದು, ಅದೇ ಕೆಸರಿಗೆ ಹೊಸ ಕೊಳಚೆ ನೀರು ಹಾಕಿ ಮತ್ತೆ ಗಾಳಿ ಊದಿದರು. ಹೀಗೇ ಮಾಡ್ತಾ ಹೋದಂತೆ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಮೊಸರಿಗೆ ಹೆಪ್ಪು ಉಳಿಸಿಕೊಳ್ಳೋ ಹಾಗೆ. ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಯೋದು ಬಹಳ ನಿಧಾನ. ನೀರಿನ ಜೊತೆ ಹೊರಗೆ ಬಿಟ್ಟರೆ ವಾಶ್‌ಔಟ್ ಆಗಿಹೋಗುತ್ತವೆ. ನೀರು ಬೇಗ ಹೋಗಲಿ, ಜೀವಿಗಳು ಒಳಗೇ ಉಳಿಯಲಿ ಅನ್ನೋದೇ ಇದರ ಗುಟ್ಟು. ನಾವು ಸೆಲ್ ರೀಸೈಕಲ್ ಅಂತ ಲೆಕ್ಕ ಮಾಡುವುದು ಇದನ್ನೇ.

1914ರ ಏಪ್ರಿಲ್ 3ರಂದು ಆಕ್ಟಿವೇಟೆಡ್ ಸ್ಲಡ್ಜ್ ಪೇಪರ್ ಮಂಡನೆಯಾಯಿತು. ಅದರ ಮೇಲೆ ಆರ್ಡರ್ನ್, ಲಾಕೆಟ್ ಹೆಸರು ಇವೆ, ಫೌಲರ್ ಹೆಸರಿಲ್ಲ. ಸಲಹೆ ಫೌಲರ್ ಅವರದು ಅಂತ ಒಳಗೆ ಒಪ್ಪಿಕೊಂಡಿದ್ದಾರೆ, ಅಷ್ಟೇ. ಲ್ಯಾಬ್ ರಿಪೋರ್ಟಿನಲ್ಲಿ ಯಾರ ಹೆಸರು ಮೊದಲು ಅಂತ ಜಗಳ ಆಡುವ ನಮಗೆ ಇದು ಸ್ವಲ್ಪ ಚುಚ್ಚಿತು.

1916ರಲ್ಲಿ ಅವರು ಬಂದದ್ದು ನಮ್ಮ ಬೆಂಗಳೂರಿಗೇ, ಟಾಟಾ ಇನ್‌ಸ್ಟಿಟ್ಯೂಟಿಗೆ ಪ್ರೊಫೆಸರ್ ಆಗಿ. 1921ರಲ್ಲಿ ಅಲ್ಲಿ ಬಯೋಕೆಮಿಸ್ಟ್ರಿ ವಿಭಾಗ ಶುರುವಾದಾಗ ಅದರ ಮುಖ್ಯಸ್ಥರೂ ಅವರೇ. ಇಲ್ಲಿ ಅವರ ತಲೆ ತಿಂದದ್ದು ಇನ್ನೊಂದು ವಿಷಯ. ಹೊಲದಿಂದ ಊಟದ ಜೊತೆ ಊರಿಗೆ ಬಂದ ನೈಟ್ರೋಜನ್ ಹೊಳೆಗೆ ಹೋದರೆ ನಷ್ಟ, ಹೊಲಕ್ಕೆ ಹೋದರೆ ಗೊಬ್ಬರ. ನೈಟ್ರೋಜನ್ ಉಳಿಸಿಕೊಳ್ಳುವ ಬಗ್ಗೆಯೇ 1934ರಲ್ಲಿ ಒಂದು ಪುಸ್ತಕ ಬರೆದರು. ಅದರ ಮೇಲೆ ಮಾತ್ರ ಹೆಸರು ಅವರದೇ.

1953ರಲ್ಲಿ ಅವರು ತೀರಿಕೊಂಡರು.