ಬೇಡಿಯಲ್ಲಿದ್ದ ಸೇವಕ, ಬೇಡಿ ಬೀಳದ ವಾಕ್ಯ

ಎರಡನೇ ತಿಮೊಥೆ 2ನೇ ಅಧ್ಯಾಯ, 9ನೇ ವಚನ ತೆಗೆದಿಟ್ಟುಕೊಳ್ಳಿ. ಪೌಲನಿಗೆ ಬೇಡಿ ಬಿದ್ದಿದೆ, ದೇವರ ವಾಕ್ಯಕ್ಕೆ ಬಿದ್ದಿಲ್ಲ. ಇವತ್ತು ಈ ವಚನವನ್ನು ಒಬ್ಬ ದೇವಸೇವಕರ ಜೀವಿತದಲ್ಲಿ ನೋಡೋಣ.

ಅವರು ವಾಚ್‌ಮನ್ ನೀ. ಬೈಬಲ್ ಕಾಲೇಜಲ್ಲಿ ನಾನು ಅವರ ‘ದಿ ನಾರ್ಮಲ್ ಕ್ರಿಶ್ಚಿಯನ್ ಲೈಫ್’ ಓದಿದ್ದೆ, ಪರೀಕ್ಷೆನೂ ಬರೆದಿದ್ದೆ. ಅವರ ಪ್ರಸಂಗಗಳನ್ನು ಸೇರಿಸಿ ಆ ಪುಸ್ತಕವನ್ನು 1957ರಲ್ಲಿ ನಮ್ಮ ಮುಂಬೈಯಲ್ಲೇ ಪ್ರಕಟಿಸಿದರು. ಆಗ ಅವರು ಶಾಂಘೈ ಜೈಲಿನಲ್ಲಿದ್ದರು. ಈ ವಿಷಯ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ.

ಅವರು ಹುಟ್ಟಿದ್ದು 1903ರಲ್ಲಿ, ಚೀನಾದಲ್ಲಿ. ಬೆಳೆದಿದ್ದು ಫುಝೌ ಪಟ್ಟಣದಲ್ಲಿ. 1920ರಲ್ಲಿ ಡೋರಾ ಯು ಎಂಬ ಚೀನೀ ಸಹೋದರಿಯ ಸುವಾರ್ತಾ ಕೂಟದ ಮೂಲಕ ರಕ್ಷಣೆ ಹೊಂದಿದರು. ಮುಂದೆ ಚೀನಾದ ಊರೂರಲ್ಲಿ ಸಭೆಗಳು ಎದ್ದವು.

ಅವರು ತಪ್ಪೇ ಮಾಡದ ದೇವದೂತ ಅಂತ ನಾನು ಹೇಳ್ತಾ ಇಲ್ಲ. ಯುದ್ಧದ ಕಷ್ಟಕಾಲದಲ್ಲಿ ಔಷಧಿ ಕಂಪನಿಯ ಕೆಲಸಕ್ಕೆ ಇಳಿದರು. ಶಾಂಘೈ ಸಭೆಯ ಹಿರಿಯರು ಅದನ್ನು ಒಪ್ಪಲಿಲ್ಲ. 1942ರಿಂದ ಕೆಲವು ವರ್ಷ ಅಲ್ಲಿ ಅವರು ಪ್ರಸಂಗ ಮಾಡಲಿಲ್ಲ. 1948ರಲ್ಲಿ ಮತ್ತೆ ಸೇವೆಗೆ ಬಂದರು.

ಮರುವರ್ಷವೇ ಕಮ್ಯುನಿಸ್ಟರ ಕೈಗೆ ದೇಶ ಬಂತು. 1950ರಲ್ಲಿ ಅವರು ಹಾಂಗ್‌ಕಾಂಗ್‌ನಲ್ಲಿದ್ದಾಗ ಜೊತೆ ಸೇವಕರು ವಾಪಸ್ ಹೋಗಬೇಡಿ ಅಂತ ಬೇಡಿಕೊಂಡರು. ಸಭೆ ಅಲ್ಲಿದೆ ಅಂತ ಅವರು ಹೋದರು. 1952ರ ಏಪ್ರಿಲ್‌ನಲ್ಲಿ ಬಂಧನ ಆಯ್ತು.

ಇಲ್ಲಿ ಸ್ವಲ್ಪ ಗಮನ ಕೊಡಿ. 1954ರಲ್ಲಿ ಚೀನಾ ಹೊಸ ಸಂವಿಧಾನ ಮಾಡ್ತು. ಅದರ 88ನೇ ವಿಧಿಯಲ್ಲಿ ಧಾರ್ಮಿಕ ನಂಬಿಕೆಯ ಸ್ವಾತಂತ್ರ್ಯ ಇತ್ತು! ಆದರೂ ಅವರು ಒಳಗೇ ಇದ್ದರು. 1956ರಲ್ಲಿ ಹಣದ ವಿಷಯ, ಶೀಲದ ವಿಷಯ, ದೇಶದ್ರೋಹ ಎಲ್ಲವನ್ನೂ ಅವರ ಮೇಲೆ ಹೊರಿಸಿದರು. ಕೋರ್ಟು ತೀರ್ಪು ಕೊಡೋಕೆ ಮುಂಚೆನೇ ಸಭೆಯವರನ್ನು ಸೇರಿಸಿ ಅವರನ್ನು ಖಂಡಿಸುವ ಕೂಟಗಳನ್ನು ನಡೆಸಿದರು. ಕ್ರಾಂತಿವಿರೋಧಿ ಅಂತ 15 ವರ್ಷ ಶಿಕ್ಷೆ. ಕಾಗದದ ಮೇಲೆ ಹಕ್ಕು ಇದ್ರೆ ಸಾಕಾಗಲ್ಲ ಪ್ರಿಯರೇ. ಸರ್ಕಾರವನ್ನೇ ಪ್ರಶ್ನೆ ಮಾಡೋ ಕೋರ್ಟು ಬೇಕು, ಭಯವಿಲ್ಲದೆ ಬರೆಯೋ ಪತ್ರಿಕೆ ಬೇಕು. ಅಲ್ಲಿ ಎರಡೂ ಇರಲಿಲ್ಲ.

ಶಿಕ್ಷೆ 1967ಕ್ಕೆ ಮುಗೀಬೇಕಿತ್ತು. ಬಿಡಲಿಲ್ಲ. ಹೆಂಡತಿ ಚಾರಿಟಿ ಅಮ್ಮನವರು ಹೊರಗೆ ಕಾದರು. 1971ರಲ್ಲಿ ಅವರು ತೀರಿಕೊಂಡಾಗ ಮಣ್ಣಿಗೂ ಹೋಗೋಕೆ ಗಂಡನಿಗೆ ಆಗಲಿಲ್ಲ. ಆದರೂ ಅವರು ಕುಟುಂಬಕ್ಕೆ ಬರೆದ ಕೊನೆಯ ಪತ್ರಗಳಲ್ಲಿ, ನನ್ನ ಸಂತೋಷ ಹೋಗಿಲ್ಲ ಅನ್ನೋ ಅರ್ಥದ ಮಾತಿದೆ. 1972ರ ಮೇ 30ರಂದು, 68ನೇ ವಯಸ್ಸಿನಲ್ಲಿ, ಅನ್‌ಹುಯಿ ಪ್ರಾಂತ್ಯದ ಕಾರ್ಮಿಕ ಶಿಬಿರವೊಂದರಲ್ಲಿ ಕರ್ತನ ಬಳಿಗೆ ಹೋದರು. ಸಂಬಂಧಿಕರು ಬರೋಷ್ಟರಲ್ಲಿ ದಹನವೂ ಆಗಿತ್ತು. ದಿಂಬಿನ ಕೆಳಗೆ ನಡುಗುವ ಕೈಬರಹದ ಒಂದು ಚೀಟಿ ಸಿಕ್ಕಿತು. ಕ್ರಿಸ್ತನು ಪಾಪಿಗಳಿಗಾಗಿ ಸತ್ತು ಎದ್ದ ದೇವಕುಮಾರನು, ಆ ನಂಬಿಕೆಗಾಗಿ ನಾನು ಸಾಯ್ತಾ ಇದ್ದೀನಿ ಅಂತ ಅದರ ಸಾರ.

20 ವರ್ಷ ಬಾಯಿ ಮುಚ್ಚಿಸಿದರು. ವಾಕ್ಯ ಮಾತ್ರ ಮುಂಬೈಯಿಂದ ಲೋಕವೆಲ್ಲ ಓಡಾಡ್ತು. ಹಲ್ಲೆಲೂಯಾ!

ಯೌವನಸ್ಥರೇ, ಎರಡು ವಿಷಯ ಹೇಳಿ ಮುಗಿಸ್ತೀನಿ. ಇಬ್ರಿಯ 13:3ರ ಪ್ರಕಾರ ಸೆರೆಯಲ್ಲಿರುವವರನ್ನು ನೆನೆಸಿಕೊಳ್ಳಿ. ನಮ್ಮವರನ್ನು ಮಾತ್ರ ಅಲ್ಲ. ಅದೇ ಚೀನಾದಲ್ಲಿ ಬೌದ್ಧ ಭಿಕ್ಷುಗಳು, ಲೇಖಕರು, ಶಿಕ್ಷಕರು ಕೂಡ ಜೈಲು ಸೇರಿದರು. ನಮಗೆ ಮಾತ್ರ ಕೇಳಿದ್ರೆ ಅದು ಹಕ್ಕಲ್ಲ, ಸ್ವಾರ್ಥ. ಎರಡನೆಯದು, ಆಫೀಸಲ್ಲಿ ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಸ್ತೋತ್ರ ಹೇಳೋಕೆ ನಾಚಿಕೆ ಪಡ್ತೀವಲ್ಲ, ನಮ್ಮನ್ನು ತಡೆದವರು ಯಾರು? ಈ ಪ್ರಶ್ನೆ ಮೊದಲು ನನಗೇ.

ತಲೆ ಬಾಗಿಸೋಣ. ಕರ್ತನೇ, ನೀನು ಕೊಟ್ಟ ಬಿಡುಗಡೆಯನ್ನು ನಾವು ಸುಮ್ಮನೆ ವ್ಯರ್ಥ ಮಾಡದ ಹಾಗೆ ಕಾಪಾಡು. ಆಮೆನ್.