ಅಲೆಯೇರಿದ ಡ್ಯೂಕ್

ದಡಕ್ಕೆ ಬಡಿದು ನೊರೆಯಾಗಿ ಒಡೆಯುವ ಕಡಲ ತೆರೆಗೆ ಇಂಗ್ಲಿಷಿನಲ್ಲಿ ಸರ್ಫ್ ಎಂದು ಹೆಸರು. 17ನೆಯ ಶತಮಾನದಿಂದ ಬಳಕೆಯಲ್ಲಿರುವ ಈ ಪದದ ಮೂಲವನ್ನು ಕುರಿತು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮೊದಮೊದಲು ಅದನ್ನು ಭಾರತದ ಕರಾವಳಿಯ ತೆರೆಗಳಿಗೇ ಬಳಸುತ್ತಿದ್ದರೆಂಬುದು ನಮಗೆ ಕುತೂಹಲದ ಸಂಗತಿ. ಆದರೆ ಆ ಪದವು ನೀರನ್ನು ಮಾತ್ರ ಹೆಸರಿಸುತ್ತಿತ್ತು. ಹಲಗೆಯ ಮೇಲೆ ನಿಂತು ಅಲೆಯೊಡನೆ ದಡಕ್ಕೆ ಜಾರಿಬರುವ ವಿದ್ಯೆಗೆ ಪೆಸಿಫಿಕ್ ಮಹಾಸಾಗರದ ಹವಾಯಿ ದ್ವೀಪವಾಸಿಗಳ ನುಡಿಯಲ್ಲಿ ಹಿಂದಿನಿಂದಲೂ ಹೆಸರಿತ್ತು. ಅವರು ಅದನ್ನು 'ಹೆಎ ನಲು' ಎಂದು ಕರೆಯುತ್ತಿದ್ದರು. ಹೆಎ ಎಂದರೆ ಜಾರುವುದು. ನಲು ಎಂದರೆ ಅಲೆ. ಅಲ್ಲಿ ಅರಸರೂ ಪ್ರಜೆಗಳೂ ಅಲೆಯೇರುತ್ತಿದ್ದರು. 19ನೆಯ ಶತಮಾನದಲ್ಲಿ ಹೊರನಾಡಿನಿಂದ ಬಂದ ರೋಗಗಳಿಗೆ ಅಸಂಖ್ಯ ದ್ವೀಪವಾಸಿಗಳು ಬಲಿಯಾದರು. ಪರದೇಶದ ಪಾದ್ರಿಗಳಿಗೆ ಈ ಆಟ ಹಿಡಿಸಲಿಲ್ಲ. ಹಲಗೆಗಳು ಮೂಲೆ ಸೇರತೊಡಗಿದವು.

ಇಂತಹ ಕಾಲದಲ್ಲಿ, 1890ರ ಆಗಸ್ಟ್ 24ರಂದು, ಹೊನೊಲುಲುವಿನಲ್ಲಿ ಡ್ಯೂಕ್ ಕಹಾನಮೋಕು ಜನಿಸಿದನು. ಡ್ಯೂಕ್ ಎಂಬುದು ಬಿರುದಲ್ಲ. ತಂದೆಯ ಹೆಸರೇ ಮಗನಿಗೆ ಬಂದಿತ್ತು. ವೈಕಿಕಿಯ ಕಡಲತಡಿಯೇ ಬಾಲಕನ ಆಟದ ಬಯಲಾಯಿತು. 1911ರಲ್ಲಿ ಹೊನೊಲುಲು ಬಂದರಿನ ಸ್ಪರ್ಧೆಯೊಂದರಲ್ಲಿ ಆತನು ನೂರು ಗಜಗಳನ್ನು ಈಜಿದ ವೇಗವನ್ನು ಅಮೆರಿಕದ ಕ್ರೀಡಾಧಿಕಾರಿಗಳು ನಂಬಲೇ ಇಲ್ಲ. ಮರುವರ್ಷ ಸ್ಟಾಕ್‌ಹೋಮಿನ ಒಲಿಂಪಿಕ್ಸಿನಲ್ಲಿ ನೂರು ಮೀಟರ್ ಈಜಿನ ಚಿನ್ನದ ಪದಕ ಆತನದಾಯಿತು. 1920ರಲ್ಲಿ ಆಂಟ್ವರ್ಪಿನಲ್ಲಿಯೂ ಅದೇ ಗೆಲುವು ದೊರೆಯಿತು.

ಹೋದ ನಾಡುಗಳಲ್ಲೆಲ್ಲ ಅಲೆ ಕಂಡರೆ ಡ್ಯೂಕನಿಗೆ ಸುಮ್ಮನಿರಲಾಗುತ್ತಿರಲಿಲ್ಲ. 1914ರ ಕೊನೆಯಲ್ಲಿ ಆಸ್ಟ್ರೇಲಿಯಾಕ್ಕೆ ಹೋದಾಗ ಅಲ್ಲಿಯೇ ದೊರೆತ ಮರದಿಂದ ತಾನೇ ಹಲಗೆಯನ್ನು ಕೆತ್ತಿ, ಸಿಡ್ನಿಯ ಫ್ರೆಶ್‌ವಾಟರ್ ಕಡಲತೀರದಲ್ಲಿ ನೆರೆದ ಜನರ ಮುಂದೆ ಅಲೆಯೇರಿ ತೋರಿಸಿದನು. ಹವಾಯಿಯ ಈ ವಿದ್ಯೆ ಹೀಗೆ ದೇಶದೇಶಗಳಿಗೆ ಹಬ್ಬಿದಂತೆ ಸರ್ಫಿಂಗ್ ಎಂಬ ಇಂಗ್ಲಿಷ್ ಹೆಸರೇ ಅದಕ್ಕೆ ನಿಂತಿತು.

ಪದಕಗಳ ಲೆಕ್ಕವಿಡುವವರು 1925ರ ಜೂನ್ 14ನ್ನು ಮರೆಯುವುದುಂಟು. ಅಂದು ಬೆಳಿಗ್ಗೆ ಕ್ಯಾಲಿಫೋರ್ನಿಯದ ಕರೋನಾ ಡೆಲ್ ಮಾರ್ ಬಳಿ ಸಮುದ್ರ ಉಕ್ಕುತ್ತಿತ್ತು. ಥೆಲ್ಮಾ ಎಂಬ ಮೀನುಗಾರಿಕೆಯ ದೋಣಿಯು ಬಂದರಿನ ಬಾಯಿಯಲ್ಲಿ ತೆರೆಗಳ ಹೊಡೆತಕ್ಕೆ ಮಗುಚಿತು. ದಡದಲ್ಲಿದ್ದ ಡ್ಯೂಕನು ಹಲಗೆಯನ್ನೆತ್ತಿಕೊಂಡು ನೀರಿಗೆ ಧುಮುಕಿದನು. ಮುಳುಗುತ್ತಿದ್ದವರನ್ನು ಹಲಗೆಗೆ ಆನಿಸಿ ದಡಕ್ಕೆ ತಂದನು. ಒಡನೆಯೇ ಮತ್ತೆ ತೆರೆಗಳನ್ನು ಸೀಳಿ ಹೋದನು. ಗೆಳೆಯರೂ ನೆರವಾದರು. ಹದಿನೇಳು ಮಂದಿ ಕಡಲಪಾಲಾದರೂ ಹನ್ನೆರಡು ಮಂದಿ ಬದುಕಿದರು. ಅವರಲ್ಲಿ ಎಂಟು ಮಂದಿಯನ್ನು ಉಳಿಸಿದವನು ಡ್ಯೂಕ್. ಆಟದ ಹಲಗೆಯು ಪ್ರಾಣರಕ್ಷಣೆಗೂ ಒದಗುವುದೆಂದು ಅಮೆರಿಕದ ಕಡಲತಡಿಯ ಕಾವಲುಗಾರರು ಮನಗಂಡರು.

ಮುಂದೆ ಆತನು ಬಹುಕಾಲ ಹೊನೊಲುಲುವಿನ ಷರೀಫನಾಗಿದ್ದನು. 1968ರ ಜನವರಿ 22ರಂದು ನಿಧನನಾದನು. ದ್ವೀಪವಾಸಿಗಳು ಆತನ ಚಿತಾಭಸ್ಮವನ್ನು ವೈಕಿಕಿಯ ಕಡಲಿನಲ್ಲಿಯೇ ವಿಸರ್ಜಿಸಿದರು.