ನಾನು ಓದಿ ತಿಳಿದ ಪಾಲ್ ಎರ್ಲಿಖ್

ಕಳೆದ ವರ್ಷ ನನ್ನ ಮಾಮುವಿನ ಕಾಲುಗಳು ಊದಿಕೊಂಡವು. ಮೂತ್ರದಲ್ಲಿ ನೊರೆ ಬರುತ್ತಿತ್ತು. ಬಯಾಪ್ಸಿ ಮಾಡಿಸಿದ ಕಿಡ್ನಿ ಡಾಕ್ಟರು, ಇದು ಮೆಂಬ್ರೇನಸ್ ನೆಫ್ರೋಪತಿ, ದೇಹದ ಪ್ರತಿಕಾಯಗಳೇ ಕಿಡ್ನಿಯ ಸೋಸುವ ಪದರಕ್ಕೆ ಅಂಟಿಕೊಂಡಿವೆ ಎಂದರು. ಎಲ್ಲಾದರೂ ಕ್ಯಾನ್ಸರ್ ಅಡಗಿದೆಯೇ ಎಂದು ನೋಡಲು ಸ್ಕ್ಯಾನ್‌ಗೂ ಬರೆದುಕೊಟ್ಟರು. ಮಾಮಿ ಅಲ್ಲೇ ಅತ್ತರು. ಕಿಡ್ನಿ ಕಾಯಿಲೆಗೆ ಕ್ಯಾನ್ಸರ್ ಹುಡುಕುವುದೇಕೆ? ದ್ವಿತೀಯ ಪಿಯುಸಿಯಲ್ಲಿ ಜೀವಶಾಸ್ತ್ರ ಓದುತ್ತಿದ್ದ ನನ್ನನ್ನು ಎಲ್ಲರೂ ನೋಡಿದರು. ನನಗೂ ಗೊತ್ತಿರಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕವರು ಪಾಲ್ ಎರ್ಲಿಖ್.

ಅವರು ಹುಟ್ಟಿದ್ದು 1854ರ ಮಾರ್ಚ್ 14ರಂದು, ಈಗ ಪೋಲೆಂಡಿನಲ್ಲಿರುವ ಒಂದು ಸಣ್ಣ ಊರಿನ ಯಹೂದಿ ಕುಟುಂಬದಲ್ಲಿ. ವೈದ್ಯಕೀಯ ಓದುವಾಗಲೇ ಬಣ್ಣಗಳ ಹುಚ್ಚು ಹಿಡಿಯಿತು. ಬಟ್ಟೆಗೆ ಹಾಕುವ ಬಣ್ಣಗಳನ್ನು ಜೀವಕೋಶಗಳಿಗೆ ಹಾಕಿ ನೋಡುತ್ತಿದ್ದರು. ನಮ್ಮ ಪಠ್ಯದಲ್ಲಿ ಬರುವ ಮಾಸ್ಟ್ ಕೋಶಗಳನ್ನು ಹೀಗೆಯೇ ಗುರುತಿಸಿದರು. ಒಂದು ಬಣ್ಣ ಒಂದೇ ಬಗೆಯ ಕೋಶಕ್ಕೆ ಅಂಟುವುದೇಕೆ ಎಂಬ ಪ್ರಶ್ನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

1888ರಲ್ಲಿ ಅವರಿಗೇ ಕ್ಷಯ ತಗುಲಿತು. ಈಜಿಪ್ಟಿಗೆ ಹೋಗಿ ಗುಣಮುಖರಾಗಿ ಬಂದು, ಬರ್ಲಿನ್‌ನಲ್ಲಿ ಡಿಫ್ತೀರಿಯಾ ಸೀರಮ್ಮಿನ ಶಕ್ತಿಯನ್ನು ಅಳೆಯುವ ಕ್ರಮ ರೂಪಿಸಿದರು. ಬೀಗಕ್ಕೆ ಕೀಲಿಯಂತೆ ಪ್ರತಿಕಾಯವು ತನಗೆ ಹೊಂದುವ ವಸ್ತುವನ್ನೇ ಹಿಡಿಯುತ್ತದೆ ಎಂದು ವಿವರಿಸಿದರು. 1908ರಲ್ಲಿ ಮೆಚ್ನಿಕಾಫ್ ಜೊತೆ ನೊಬೆಲ್ ಬಹುಮಾನ ಬಂತು. ಮುಂದೆ ಜಪಾನಿನ ಹಾಟಾ ಜೊತೆಗೂಡಿ ಸಿಫಿಲಿಸ್‌ಗೆ ಸಾಲ್ವರ್ಸಾನ್ ಎಂಬ ಔಷಧಿ ಕಂಡುಹಿಡಿದರು. ಅದರ ಸಂಖ್ಯೆ 606.

ನನ್ನ ಪ್ರಶ್ನೆಗೆ ಹತ್ತಿರವಾದದ್ದು ಅವರ ಆಡುಗಳ ಪ್ರಯೋಗ. ಒಂದು ಆಡಿಗೆ ಇನ್ನೊಂದು ಆಡಿನ ರಕ್ತ ಚುಚ್ಚಿದರೆ ಪ್ರತಿಕಾಯ ಹುಟ್ಟುತ್ತಿತ್ತು. ಆದರೆ ಅದು ಆ ಆಡಿನ ಸ್ವಂತ ರಕ್ತಕಣಗಳನ್ನು ಮುಟ್ಟುತ್ತಿರಲಿಲ್ಲ. ದೇಹಕ್ಕೆ ತನ್ನ ಮೇಲೆ ತಾನೇ ವಿಷ ಕಾರುವ ಭಯವಿದೆ, ಅದನ್ನು ತಡೆಯುವ ಏರ್ಪಾಡೂ ಇದೆ ಎಂದರು ಎರ್ಲಿಖ್. ಈ ಮಾತನ್ನು ಅನೇಕರು ಅಂಥ ಕಾಯಿಲೆಯೇ ಇರಲಾರದು ಎಂದು ಅರ್ಥಮಾಡಿಕೊಂಡರು. ಆಟೋಇಮ್ಯೂನ್ ಕಾಯಿಲೆಗಳ ಅಧ್ಯಯನ ದಶಕಗಳಷ್ಟು ಹಿಂದೆ ಬಿತ್ತು.

ಇಲಿಗಳಲ್ಲಿ ಕ್ಯಾನ್ಸರನ್ನೂ ಅಭ್ಯಾಸ ಮಾಡಿದ ಅವರು, ದೇಹದ ರಕ್ಷಣಾ ಶಕ್ತಿ ಎಷ್ಟೋ ಗಡ್ಡೆಗಳನ್ನು ಮೊಳಕೆಯಲ್ಲೇ ಅಡಗಿಸುತ್ತಿರಬೇಕು ಎಂದು 1909ರಲ್ಲಿ ಹೇಳಿದರು. 1915ರ ಆಗಸ್ಟ್ 20ರಂದು ತೀರಿಕೊಂಡರು.

ಅವರ ಈ ಎರಡು ವಿಚಾರಗಳು ಸೇರುವ ಜಾಗದಲ್ಲೇ ಮಾಮುವಿನ ಕಾಯಿಲೆ ಇದೆ. ಈ ಕಾಯಿಲೆಯ ಬಹಳ ಜನರಲ್ಲಿ ಪ್ರತಿಕಾಯ ಹಿಡಿಯುವುದು ಪಿಎಲ್‌ಎ2ಆರ್ ಎಂಬ ಕಿಡ್ನಿಯ ಪ್ರೋಟೀನನ್ನು. ಇದು ತಿಳಿದದ್ದು 2009ರಲ್ಲಿ. 2014ರಲ್ಲಿ ಟಿಎಚ್‌ಎಸ್‌ಡಿ7ಎ ಎಂಬ ಇನ್ನೊಂದು ಪ್ರೋಟೀನ್ ಸಿಕ್ಕಿತು. ಕೆಲವು ರೋಗಿಗಳ ಕ್ಯಾನ್ಸರ್ ಗಡ್ಡೆಯಲ್ಲೂ ಅದೇ ಪ್ರೋಟೀನ್ ಇತ್ತು. ಗಡ್ಡೆಯ ವಿರುದ್ಧ ಹುಟ್ಟಿದ ಪ್ರತಿಕಾಯ ರಕ್ತದಲ್ಲಿ ಹರಿದು ಕಿಡ್ನಿಗೂ ಅಂಟಿಕೊಳ್ಳಬಹುದು. ಕೀಲಿ ಒಂದೇ, ಬೀಗ ಎರಡು ಕಡೆ. ಅಂಥವರಲ್ಲಿ ಗಡ್ಡೆಗೆ ಚಿಕಿತ್ಸೆಯಾದರೆ ಕಿಡ್ನಿಯೂ ಸುಧಾರಿಸಬಹುದು. ಸ್ಕ್ಯಾನ್ ಬರೆದದ್ದು ಹೆದರಿಸಲಿಕ್ಕಲ್ಲ.

ಇದನ್ನು ಕಾಗದದ ಮೇಲೆ ಚಿತ್ರ ಬರೆದು ಮಾಮಿಗೆ ವಿವರಿಸಿದೆ. ಮಾಮುವಿನ ಸ್ಕ್ಯಾನಿನಲ್ಲಿ ಏನೂ ಸಿಗಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಚಿಕಿತ್ಸೆ ನಡೆದಿದೆ. ಗೆಳೆಯರೇ, ಮನೆಯಲ್ಲಿ ಯಾರಿಗಾದರೂ ಕಾಲು ಊದಿ, ಮೂತ್ರದಲ್ಲಿ ನೊರೆ ನಿಲ್ಲದಿದ್ದರೆ ತಡಮಾಡದೆ ಮೂತ್ರ ಪರೀಕ್ಷೆ ಮಾಡಿಸಿ. ಮಾಮು ಮೂರು ತಿಂಗಳು ಸುಮ್ಮನಿದ್ದರು.